ಅರಮನೆಯದು ಎಂದು ಬರೆದಿದ್ದ ಗೊಂಬೆಗಳು

ಆ ವರ್ಷ ನನ್ನ ಮೇಜಿಗೆ ಬಂದ ಕಾಗದಗಳನ್ನೆಲ್ಲ ನಂಬುವುದಾದರೆ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಅಟ್ಟಗಳ ಮೇಲಿದ್ದ ಗೊಂಬೆಗಳಲ್ಲಿ ಅರ್ಧಕ್ಕರ್ಧ ಮೈಸೂರು ಅರಮನೆಯಿಂದಲೇ ಬಂದಿದ್ದವು. ಅಷ್ಟನ್ನೂ ದಾನ ಮಾಡಿದ ಮೇಲೆ ಅರಮನೆಯವರು ದಸರಾಕ್ಕೆ ಏನನ್ನು ಕೂರಿಸುತ್ತಿದ್ದರೋ ನಾ ಕಾಣೆ.

ಹಳೆಯ ಗೊಂಬೆ, ಆಟದ ಸಾಮಾನುಗಳನ್ನು ಮನೆಮನೆಯಿಂದ ಕೊಂಡು ತಂದು ಮಂಡ್ಯದಲ್ಲಿ ಒಂದು ಪುಟ್ಟ ಸಂಗ್ರಹಾಲಯ ತೆರೆಯಲು ಹೊರಟಿದ್ದ ಸಂಸ್ಥೆಯಲ್ಲಿ ನಾನು ಹಂಗಾಮಿ ಸಹಾಯಕಿಯಾಗಿದ್ದೆ. ರಾಜ್ಯದ ಹೆಸರು ಬದಲಾಗಿ ವರ್ಷ ಕಳೆದಿದ್ದರೂ ನಮ್ಮ ಲೆಟರ್‌ಹೆಡ್ಡಿನಲ್ಲಿ ‘ಮೈಸೂರು ರಾಜ್ಯ’ ಎಂದೇ ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಕರ್ನಾಟಕ’ ಎಂಬ ರಬ್ಬರ್ ಸ್ಟಾಂಪು ಒತ್ತುವುದೂ ನನ್ನ ಕೆಲಸಗಳಲ್ಲಿ ಒಂದು. ಉಳಿದದ್ದೆಂದರೆ ಪತ್ರಿಕೆಗೆ ಪ್ರಕಟಣೆ ಕೊಡುವುದು, ಬಂದ ಕಾಗದಗಳನ್ನು ಓದಿ ಆರಿಸುವುದು, ಬಸ್ಸು ಹತ್ತಿ ಹೋಗಿ ನೋಡುವುದು, ಸರಿಯೆನಿಸಿದರೆ ಕೊಂಡು ತರುವುದು, ಮತ್ತು ಪ್ರತಿ ಗೊಂಬೆಗೂ ಒಂದು ವಿವರಪತ್ರ ಬರೆಯುವುದು.

ದಸರಾ ಹೊತ್ತಿಗೆ ಬಾಗಿಲು ತೆರೆಯಬೇಕಿತ್ತು. ಹಜಾರದ ನಡುವೆ ಒಂದು ದೊಡ್ಡ ಗಾಜಿನ ಪೆಟ್ಟಿಗೆ ಆಗಲೇ ಬಂದು ಕೂತಿತ್ತು. ಅದಕ್ಕೆ ಹಳೆಯ ಪಟ್ಟದ ಗೊಂಬೆ ಬೇಕು, ಅಂದರೆ ಹಬ್ಬದಲ್ಲಿ ಎಲ್ಲಕ್ಕಿಂತ ಮೊದಲು ಕೂರಿಸುವ ಮರದ ರಾಜ ರಾಣಿಯರ ಜೋಡಿ. ಅದನ್ನು ತಂದರೆ ಕೆಲಸ ಖಾಯಂ ಎಂದು ನಮ್ಮ ಅಧಿಕಾರಿಗಳು ಬಾಯಿಬಿಟ್ಟು ಹೇಳಿರಲಿಲ್ಲ. ತರದಿದ್ದರೆ ಹಬ್ಬ ಮುಗಿದ ಮೇಲೆ ನಾನು ಬರಬೇಕಾಗಿಲ್ಲ ಎಂದು ಮಾತ್ರ ಸ್ಪಷ್ಟವಾಗಿ ಹೇಳಿದ್ದರು. ನನಗೆ ಆ ಕೆಲಸ ತುಂಬಾ ಇಷ್ಟವಾಗಿತ್ತು, ಅದನ್ನು ಮುಚ್ಚಿಡುವುದೇಕೆ? ಊರೂರು ತಿರುಗುತ್ತಾ ಬೇರೆಯವರ ಅಟ್ಟ ಹತ್ತಿ ಇಣುಕುವುದಕ್ಕೆ ಸಂಬಳ ಕೊಡುವವರು ಇನ್ನೆಲ್ಲಿ ಸಿಗುತ್ತಾರೆ?

ಕಾಗದಗಳ ಭಾಷೆ ಅರ್ಥವಾಗಲು ನನಗೆ ಒಂದು ತಿಂಗಳು ಬೇಕಾಯಿತು. ‘ಸುಸ್ಥಿತಿಯಲ್ಲಿದೆ’ ಎಂದರೆ ಮೂಗು ಹೋಗಿದೆ. ‘ಅಲ್ಪಸ್ವಲ್ಪ ಸವೆದಿದೆ’ ಎಂದರೆ ಅದು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಒಬ್ಬರಂತೂ ‘ಎಡಗೈ ಇಲ್ಲ, ಆದರೆ ಅದು ಯಾರ ಮನೆಯಲ್ಲಿದೆ ಎಂದು ಗೊತ್ತಿದೆ’ ಎಂದು ಬರೆದಿದ್ದರು. ವಯಸ್ಸಿನ ವಿಚಾರದಲ್ಲಿ ಎಲ್ಲರೂ ಸೇರಿ ಮಾತಾಡಿಕೊಂಡ ಹಾಗೆ ನೂರೈವತ್ತು ವರ್ಷವೇ. ಇವರನ್ನೆಲ್ಲ ಮೋಸಗಾರರೆಂದು ನಾನು ಹೇಳಲಾರೆ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಜನ ನಾವು. ಗೊಂಬೆಯನ್ನು ಮನೆಯಿಂದ ಕಳಿಸುವಾಗಲೂ ಹೆಣ್ಣು ಕೊಡುವಾಗಿನ ಬಾಯೇ ಬಂದುಬಿಡುತ್ತದೆ.

ಆದರೆ ಮದ್ದೂರಿನವನೊಬ್ಬ ಮಾತ್ರ ನಿಜವಾದ ಮೋಸಗಾರ. ‘ಮುತ್ತಜ್ಜಿಯ ಕಾಲದ ಅಪ್ಪಟ ರಕ್ತಚಂದನದ ಜೋಡಿ’ ಎಂದು ಅವನ ಕಾಗದ. ಹೋಗಿ ನೋಡಿದೆ. ಕಡುಗೆಂಪು ಬಣ್ಣ, ಒಳ್ಳೆಯ ಹೊಳಪು. ಅಲ್ಲೇ ಒದ್ದೆ ಹತ್ತಿಯಿಂದ ಬುಡವನ್ನು ಒರೆಸಿದಾಗ ಹತ್ತಿಗೆ ಕೆಂಪು ಬಂತು. ರಕ್ತಚಂದನವೇ ಸರಿ ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಕೊಂಡು ತಂದೆ. ಅಧಿಕಾರಿಗಳು ಗೊಂಬೆಯನ್ನು ಕೈಗೆತ್ತಿಕೊಂಡವರೇ ಹುಬ್ಬು ಗಂಟು ಹಾಕಿದರು.

“ಇದು ಇಷ್ಟು ಹಗುರ ಯಾಕಿದೆ?” ಎಂದರು. ಬುಡದಿಂದ ಒಂದು ಚೂರು ಕೆರೆದು ನೀರಿನ ಲೋಟಕ್ಕೆ ಹಾಕಿದರು. ಅದು ತೇಲಿತು. “ರಕ್ತಚಂದನವಾಗಿದ್ದರೆ ಮುಳುಗಬೇಕಿತ್ತು. ಅದರ ಬಣ್ಣ ನೀರಿಗೆ ಸುಲಭವಾಗಿ ಬಿಡೋದಿಲ್ಲ, ಸ್ಪಿರಿಟ್ಟಿಗೆ ಬಿಡುತ್ತೆ. ನೀರಿಗೇ ಬಿಟ್ಟಿದೆ ಅಂದರೆ ಇದು ಬಟ್ಟೆಗೆ ಹಾಕೋ ಬಣ್ಣ. ಮರ ಹಾಲೆ ಮರ. ವಯಸ್ಸು ಹೆಚ್ಚಂದರೆ ಎರಡು ವರ್ಷ.”

ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಹೊಸ ನಿಯಮ ಮಾಡಿದರು. ಇನ್ನುಮೇಲೆ ವಿವರಪತ್ರವನ್ನು ಗೊಂಬೆ ಇರುವ ಮನೆಯಲ್ಲೇ ಕೂತು ಬರೆಯಬೇಕು. ಅಳತೆ, ತೂಕ, ಮರ, ಕೊನೆಗೆ ‘ಮೂಲ’ ಎಂಬ ಕಾಲಂ, ಅಂದರೆ ಯಾರು ಮಾಡಿದ್ದು, ಎಲ್ಲಿಂದ ಬಂದದ್ದು. ಬರೆದದ್ದನ್ನು ಮನೆಯವರೊಬ್ಬರ ಮತ್ತು ಊರಿನವರೊಬ್ಬರ ಎದುರು ನಾನು ಗಟ್ಟಿಯಾಗಿ ಓದಬೇಕು. ಕೊಡುವವರು ಒಪ್ಪಿ ರುಜು ಹಾಕಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಆಮೇಲಷ್ಟೇ ಗೊಂಬೆ ನಮ್ಮದು.

ಎರಡನೆಯ ಜೋಡಿ ಮಳವಳ್ಳಿ ಪೇಟೆಯ ಒಬ್ಬ ನಿವೃತ್ತ ಉಪಾಧ್ಯಾಯರ ಮನೆಯಲ್ಲಿತ್ತು. ಈ ಸಲ ಕೊಳ್ಳುವ ಮುಂಚೆ ಒಮ್ಮೆ ಹೋಗಿ ಪರೀಕ್ಷೆ ಮಾಡಿ ನೋಡಿದೆ. ಚೂರು ನೀರಿನಲ್ಲಿ ಮುಳುಗಿತು, ಸ್ಪಿರಿಟ್ಟಿನಲ್ಲಿ ಕೆಂಪಾಯಿತು. ಹಳೆಯ ಬಣ್ಣ ಅಲ್ಲಲ್ಲಿ ಎದ್ದಿದ್ದರೂ ಸೀರೆಯ ಅಂಚಿನ ಬಳ್ಳಿ, ರಾಜನ ಮೀಸೆಯ ಒಂದೊಂದು ಎಳೆ, ಎಲ್ಲ ಕಾಣುತ್ತಿತ್ತು. ಕುಣಿದಾಡುವಷ್ಟು ಖುಷಿಯಾಯಿತು. ‘ಮುಂದಿನ ಗುರುವಾರ ಬಂದು ಕಾಗದಪತ್ರ ಮುಗಿಸಿ ಒಯ್ಯುತ್ತೇವೆ’ ಎಂದು ಕಾರ್ಡು ಬರೆದೆ. ಅದೇ ನಾನು ಮಾಡಿದ ತಪ್ಪು.

ಗುರುವಾರ ಹೋದರೆ ಮಣೆಯ ಮೇಲೆ ರಾಜ ರಾಣಿ ಫಳಫಳ ಹೊಳೆಯುತ್ತಾ ಕೂತಿದ್ದರು. ರಾಜನ ಮೈ ಕಿಟಕಿಯ ಸರಳಿನ ಹಸಿರು, ರಾಣಿಯ ಸೀರೆ ಬಾಗಿಲಿನ ನೀಲಿ. ಮನೆಗೆ ಸುಣ್ಣಬಣ್ಣ ಮಾಡಿಸಿ ಮಿಕ್ಕಿದ್ದ ಪೇಂಟು. ಎಳೆಎಳೆಯ ಮೀಸೆ ಇದ್ದಲ್ಲಿ ಈಗ ಒಂದು ದಪ್ಪ ಕರಿಯ ಗೆರೆ.

“ಏನಮ್ಮಾ ಇದು!” ಎಂದೆ.

ಮನೆಯಾಕೆ ಸಂತೋಷದಿಂದ, “ಇನ್ನೊಬ್ಬರ ಮನೆಗೆ ಹೋಗೋ ಗೊಂಬೆ. ಹಾಗ್ಹಾಗೇ ಕೊಡೋದು ಉಂಟೇನಮ್ಮ? ಮೊದಲು ಸೀಗೆಪುಡಿ ಹಾಕಿ ಚೆನ್ನಾಗಿ ತಿಕ್ಕಿ ತೊಳೆದೆ. ಆಮೇಲೆ ಇವರು ಎರಡು ಕೋಟು ಹೊಡೆದರು,” ಎಂದರು. ಉಪಾಧ್ಯಾಯರು ಬೆರಳಿಗೆ ಅಂಟಿದ್ದ ನೀಲಿಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ನನ್ನ ಮೆಚ್ಚುಗೆಗೆ ಕಾಯುತ್ತಿದ್ದರು. ಅಂಥವರ ಮೇಲೆ ರೇಗುವುದಾದರೂ ಹೇಗೆ? ಕೊಟ್ಟ ಕಾಫಿ ಕುಡಿದು, ಗೊಂಬೆಗಳು ತುಂಬಾ ಲಕ್ಷಣವಾಗಿವೆ, ಈ ವರ್ಷ ನೀವೇ ಕೂರಿಸಿ ಎಂದು ಹೇಳಿ ಬಂದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು, ಸ್ವಲ್ಪ ನಗುವೂ ಬಂತು.

ಅಧಿಕಾರಿಗಳಿಗೆ ವಿಷಯ ತಿಳಿಸಿದಾಗ, “ಇನ್ನೊಂದು ಸಲ ನೋಡಿ,” ಎಂದಷ್ಟೇ ಅಂದರು. ಆ ‘ಒಂದು’ ಎಂಬುದನ್ನು ಒತ್ತಿ ಹೇಳಿದ್ದು ನನಗೆ ಗೊತ್ತಾಯಿತು. ಅಂದೇ ನಾನು ತೀರ್ಮಾನ ಮಾಡಿದೆ. ಇನ್ನು ಯಾರಿಗೂ ಕಾರ್ಡು ಬರೆಯುವುದಿಲ್ಲ. ಹೇಳದೆ ಕೇಳದೆ ಹೋಗಿ ಬಾಗಿಲಲ್ಲಿ ನಿಲ್ಲುವುದು. ಅನಾಗರಿಕ ಕೆಲಸವೇ, ಆದರೆ ಗೊಂಬೆಗೆ ಸ್ನಾನ ಮಾಡಿಸಲು ಅವರಿಗೆ ಪುರಸೊತ್ತು ಸಿಗಬಾರದು.

ಕಟ್ಟಿನಲ್ಲಿ ಉಳಿದಿದ್ದ ಕಾಗದಗಳಲ್ಲಿ ಬೆಳಕವಾಡಿಯದೊಂದಿತ್ತು. ಊರಿನ ಶಾಲೆಯ ಮೇಷ್ಟ್ರು ಒಬ್ಬ ಅಜ್ಜಿಯ ಪರವಾಗಿ ಬರೆದದ್ದು. ದುಂಡನೆಯ ಅಕ್ಷರ. ‘ಮಹಾರಾಜರ ಅರಮನೆಯಿಂದ ಬಳುವಳಿಯಾಗಿ ಬಂದ, ನೂರೈವತ್ತು ವರ್ಷ ಪ್ರಾಚೀನವಾದ ಪಟ್ಟದ ಗೊಂಬೆಗಳು.’ ನಂಬಲು ಏನೂ ಇರಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

ನಾಟಿಯ ದಿನಗಳು. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಬೆಳಕವಾಡಿಯಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಮನೆಗಳಲ್ಲಿ ಜನರೇ ಇಲ್ಲ, ಎಲ್ಲ ಗದ್ದೆಯಲ್ಲಿ. ಕೇಳಿಕೊಂಡು ಹೋದ ಮನೆ ಸಾಕಷ್ಟು ದೊಡ್ಡದು, ಜಮೀನುದಾರರದು. ಜಗುಲಿಯಲ್ಲಿ ಎಪ್ಪತ್ತರ ಆಸುಪಾಸಿನ ಅಜ್ಜಿ ಒಬ್ಬಳೇ ಕೂತು ಮೊರದಲ್ಲಿ ಹುರುಳಿಕಾಳು ಕೇರುತ್ತಿದ್ದಳು.

“ಯಾರವ್ವ ನೀನು? ಕರೆಂಟಾಪೀಸಿನೋಳಾ?”

“ಅಲ್ಲ ಅಜ್ಜಿ. ಗೊಂಬೆ ನೋಡೋಣ ಅಂತ ಮಂಡ್ಯದಿಂದ ಬಂದೆ.”

“ಅಯ್ ನನ್ನವ್ವ! ಯೋಳ್ದೆ ಕೇಳ್ದೆ ಇಂಗ್ ಬಂದ್ಬುಟ್ರೆ ಎಂಗೆ? ಒಂದ್ ಕಾಗ್ದ ಆಕಿದ್ರೆ ತೊಳ್ದು ಎಣ್ಣೆ ಒರ್ಸಿ ಮಡಗಿರ್ತಿದ್ದೆ.”

ನನ್ನ ಹೊಸ ಪದ್ಧತಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಜ್ಜಿ ಒಳಗಿನ ಕೋಣೆಯಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗಂಟನ್ನು ತಂದು ನನ್ನ ಮುಂದೆ ಬಿಚ್ಚಿದಳು. ಒಂದೂವರೆ ಗೇಣಿನ ರಾಜ, ಅದಕ್ಕಿಂತ ಎರಡು ಬೆರಳು ಕುಳ್ಳಿ ರಾಣಿ. ನೋಡಿದ ಕೂಡಲೇ ಇವು ಅರಮನೆಯವಲ್ಲ ಎಂದು ಗೊತ್ತಾಯಿತು. ಆದರೆ ಕೆಳಗಿಡಲು ಮನಸ್ಸಾಗಲಿಲ್ಲ. ಬಣ್ಣವೇ ಇಲ್ಲ, ಕೈಗಳ ಎಣ್ಣೆ ಕುಡಿದು ಕಪ್ಪಾದ ಮರ. ರಾಣಿಯ ಪಾದ ಅಗಲ, ಸೀರೆ ನಾಟಿ ಹಾಕುವವರ ಹಾಗೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದೆ. ರಾಜನ ತಲೆಗೆ ಕಿರೀಟದ ಬದಲು ರುಮಾಲು. ಬಲಗೈ ಮುಷ್ಟಿಯಲ್ಲಿ ಕತ್ತಿ ಇರಬೇಕಾದಲ್ಲಿ ಸಣ್ಣ ತೂತು, ಅದರೊಳಗೆ ಹೊಸೆದ ನೂಲಿನ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಕೈಯಲ್ಲಿ ಎತ್ತಿನ ಹಗ್ಗ ಹಿಡಿದ ರಾಜನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಕೆಲಸ ಶುರು ಮಾಡಿದೆ. ಎತ್ತರ, ಅಗಲ ಅಳೆದೆ. ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದೆ. ಅಜ್ಜಿಯ ಅಪ್ಪಣೆ ಕೇಳಿ ಬುಡದಿಂದ ಉಗುರಿನಷ್ಟು ಸಿಪ್ಪೆ ಎತ್ತಿ ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಿಗಿಟ್ಟೆ. ಅದು ನೆನೆಯುವಷ್ಟರಲ್ಲಿ ಭೂತಗನ್ನಡಿ ಹಿಡಿದು ಬೆನ್ನಿನ ಕಡೆ ನೋಡಿದೆ. ರಾಜನ ಬೆನ್ನಿನಲ್ಲಿ ಅಡ್ಡಲಾಗಿ ಒಂದು ಅರ್ಧ ಕೊಳವೆಯಂಥ ಗುಂಡಿ, ಬೇರೆ ಮರದಿಂದ ತುಂಬಿ ನಯಮಾಡಿದ್ದು. ರಾಣಿಯ ಬೆನ್ನಿನಲ್ಲೂ ಅಂಥದೇ. ಇಬ್ಬರನ್ನೂ ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದೆ. ಎರಡು ಅರ್ಧ ಸೇರಿ ಒಂದು ದುಂಡನೆಯ ತೂತಿನ ಗುರುತಾಯಿತು, ಅಂಚು ಸವೆದ ಹಳೆಯ ತೂತು. ಅಷ್ಟರಲ್ಲಿ ಲೋಟದ ನೀರಿನ ಮೇಲೆ ತೆಳುವಾದ ನೀಲಿ ಛಾಯೆ ಮೂಡಿತ್ತು. ನೀರಿಗೆ ಹೀಗೆ ನೀಲಿ ಬಿಡುವುದು ಹೊನ್ನೆಮರ. ಗಾಡಿಗೆ, ನೊಗಕ್ಕೆ ಬಳಸುವ ಮರ.

“ಅಜ್ಜಿ, ಇದು ಎತ್ತಿನ ನೊಗ ಅಲ್ವಾ? ಈ ತೂತು ಗೂಟ ಸಿಕ್ಕಿಸೋದಲ್ವಾ?”

ಮೊರ ನಿಂತಿತು. ಅಜ್ಜಿ ಮೊದಲು ಬಾಗಿಲಿನ ಕಡೆ ನೋಡಿದಳು. “ಮೆಲ್ಲಕ್ ಮಾತಾಡವ್ವ,” ಎಂದಳು.

ಆಮೇಲೆ ಮೆಲ್ಲಗೇ ಹೇಳಿದಳು. ಅವಳ ತವರು ಆತಗೂರು. ಅಪ್ಪ ಶಾನುಭೋಗರ ಮನೆಯ ಗಾಡಿ ಹೊಡೆಯುವವನು. ಒಂದು ದಸರಾದಲ್ಲಿ ಆರು ವರ್ಷದ ಇವಳು ಅಪ್ಪನ ಜೊತೆ ಸೊಪ್ಪು ಕೊಡಲು ಹೋಗಿ, ಬಾಗಿಲಾಚೆ ನಿಂತು ಆ ಮನೆಯ ಗೊಂಬೆಗಳನ್ನು ನೋಡಿದಳು. ಮನೆಗೆ ಬರುವವರೆಗೂ ಅತ್ತಳು. ಮುರಿದ ನೊಗವೊಂದು ಹಿತ್ತಲಲ್ಲಿ ಬಿದ್ದಿತ್ತು. ಅಪ್ಪ ಅದನ್ನು ಸೀಳಿ, ಬಾಚಿ ಉಳಿ ಹಿಡಿದು, ಎತ್ತು ಮೇಯುವ ಹೊತ್ತಿನಲ್ಲಿ ಕೂತು ಕೆತ್ತಿದ. ಒಳಗೆ ಹೋಗಿ ನೋಡಿದವನಲ್ಲ. ರಾಜ ಎಂದರೆ ಹೇಗಿರುತ್ತಾನೆ ಎಂಬುದನ್ನು ತನ್ನ ಲೆಕ್ಕದಲ್ಲೇ ಊಹಿಸಿಕೊಂಡ.

“ಮದ್ವೆ ಆಗಿ ಈ ಮನೇಗ್ ಬಂದಾಗ ಗಂಟಲ್ಲಿ ಕಟ್ಕೊಂಡ್ ಬಂದೆ. ಏನೇ ಇದು ಅಂತ ನಮ್ಮತ್ತೆ ನಕ್ಬುಟ್ಳು. ಗಾಡಿ ಒಡೆಯೋನ್ ಮಗಳು ಅಂತ ಮೊದ್ಲೇ ಆಡ್ಕತಿದ್ರು. ಅರಮನೇದು, ಸಾನುಬೋಗ್ರು ಕೊಟ್ಟಿದ್ದು ಅಂದ್ಬುಟ್ಟೆ. ಐವತ್ತೊರ್ಸದಿಂದ ಅದ್ನೇ ಅಂತಾವ್ನಿ. ನಮ್ ಸೊಸೇಗೂ ಅದ್ನೇ ಯೋಳಿವ್ನಿ.”

“ಈಗ ಯಾಕೆ ಕೊಡ್ತಿದ್ದೀರಿ ಅಜ್ಜಿ?”

“ನಾ ಸತ್ಮೇಲೆ ಒಲೆಗಾಕ್ತಾರೆ ಕಣವ್ವ. ನಿಮ್ತಾವ್ ಗಾಜಿನ್ ಪೆಟ್ಗೆ ಅದಂತಲ್ಲ, ಅದ್ರಲ್ಲಾದ್ರೂ ಕುಂತಿರ್ಲಿ. ಅರಮನೇದು ಅಂತ್ಲೇ ಬರ್ಕೊ ತಾಯಿ. ಇಷ್ಟ್ ದಿನ ನಡ್ದದೆ, ಇನ್ನೊಂಚೂರು ನಡೀಲಿ.”

ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರಮನೆ ಎಂದು ಬರೆದರೆ ಅಜ್ಜಿಗೂ ಸಮಾಧಾನ, ನನಗೂ ಕೆಲಸ. ಆದರೆ ನಮ್ಮ ಅಧಿಕಾರಿಗಳು ಲೋಟ, ನೀರು ತರಿಸುವುದಕ್ಕೆ ಎರಡು ನಿಮಿಷ ಸಾಕು. ಅದಕ್ಕಿಂತ ಹೆಚ್ಚಾಗಿ, ಆ ಮುಷ್ಟಿಯ ನೂಲನ್ನು ನೋಡಿದ ಮೇಲೆ ‘ಅರಮನೆ’ ಎಂದು ಬರೆಯಲು ನನ್ನ ಕೈ ಏಳಲಿಲ್ಲ. ಹಾಗೆಂದು ಅಜ್ಜಿಯ ಐವತ್ತು ವರ್ಷದ ಗುಟ್ಟನ್ನು ಅವಳ ಸೊಸೆಯೆದುರು ಓದಿ ಹೇಳಲು ನಾನು ಯಾರು?

“ಅರಮನೆ ಅಂತ ಬರೆಯಲ್ಲ ಅಜ್ಜಿ. ನೊಗ ಅಂತಲೂ ಬರೆಯಲ್ಲ. ‘ಮೂಲ’ ಅನ್ನೋ ಜಾಗ ಖಾಲಿ ಬಿಡ್ತೀನಿ. ತಗೊಳ್ಳೋದು ಬಿಡೋದು ನಮ್ಮ ಸಾಹೇಬರಿಗೆ ಬಿಟ್ಟದ್ದು.”

ಅಜ್ಜಿ ನಾಲ್ಕು ಸಲ ಮೊರ ಕೇರಿದಳು. ನಿಲ್ಲಿಸಿದಳು.

“ಕಾಲಿ ಬುಟ್ರೆ ನೋಡ್ದೋರು ಏನಂದ್ಕತಾರೆ?”

“ಯಾರು ಮಾಡಿದ್ದೋ ಗೊತ್ತಿಲ್ಲ ಅಂದ್ಕೋತಾರೆ.”

“ಗೊತ್ತಿಲ್ಲ ಅನ್ನಕ್ಕೆ ಅದೇನ್ ಬೀದೀಲ್ ಬಿದ್ದಿತ್ತಾ?” ಅಜ್ಜಿಗೆ ಸಿಟ್ಟೇ ಬಂದುಬಿಟ್ಟಿತು. “ಉಳಿ ತಾಗಿ ಎಬ್ಬೆಟ್ಟು ಸೀಳ್ಕೊಂಡು ಅರ್ಸಿಣ ಮೆತ್ಕೊಂಡ್ ಕುಂತಿದ್ದ ನಮ್ಮಪ್ಪ. ಅವ್ನು ಗೊತ್ತಿಲ್ದೋನಾ? ಬರ್ಕೊ. ನಮ್ಮಪ್ಪ ಮಾಡಿದ್ದು ಅಂತ ಬರ್ಕೊ.”

“ಬರೆದರೆ ಎಲ್ಲರೆದುರು ಗಟ್ಟಿಯಾಗಿ ಓದಬೇಕಾಗುತ್ತೆ ಅಜ್ಜಿ. ನಿಮ್ಮ ಸೊಸೆಯೂ ಇರ್ತಾರೆ.”

“ಓದು, ಓದು,” ಎಂದಳು. ಅಂದಳೇ ಹೊರತು ಬೆರಳುಗಳು ಮೊರದ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

ಮಧ್ಯಾಹ್ನ ಊಟಕ್ಕೆ ಸೊಸೆ ಗದ್ದೆಯಿಂದ ಬಂದಳು, ಮೊಣಕಾಲಿನವರೆಗೆ ಕೆಸರು. ಶಾಲೆಗೆ ಊಟದ ಬಿಡುವಿದ್ದಾಗ ಮೇಷ್ಟ್ರೂ ಬಂದು ಸಾಕ್ಷಿಯಾಗಿ ಬೆಂಚಿನ ಮೇಲೆ ಕೂತರು. ನಾನು ವಿವರಪತ್ರ ಹಿಡಿದು ಎದ್ದು ನಿಂತೆ. ಅಳತೆ ಓದಿದೆ, ತೂಕ ಓದಿದೆ. ಮರ, ಹೊನ್ನೆ, ಹಳೆಯ ನೊಗದ್ದು. ಮೇಷ್ಟ್ರು ತಲೆಯೆತ್ತಿದರು. ‘ಮೂಲ: ಆತಗೂರಿನ ಗಾಡಿ ಹೊಡೆಯುವವರೊಬ್ಬರು ತಮ್ಮ ಮಗಳಿಗಾಗಿ ತಾವೇ ಕೆತ್ತಿದ್ದು. ಕೊಡುತ್ತಿರುವವರು ಆ ಮಗಳು.’

ಅಜ್ಜಿ ನೆಲ ನೋಡುತ್ತಿದ್ದಳು. ನಿಯಮದ ಪ್ರಕಾರ ನಾನು ಶಾಯಿಯ ಪ್ಯಾಡು ತೆರೆದು ಅವಳ ಹೆಬ್ಬೆಟ್ಟನ್ನು ಅದಕ್ಕೆ ಒತ್ತಿಸಿದೆ. ಆಗ ಸೊಸೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ರಾಣಿಯನ್ನು ಎತ್ತಿಕೊಂಡಳು. ಎತ್ತಿಕಟ್ಟಿದ ಸೀರೆ ನೋಡಿದಳು, ಅಗಲ ಪಾದ ನೋಡಿದಳು.

“ಇದ್ಯಾಕತ್ತೆ ಇಷ್ಟ್ ದಿನ ಯೋಳ್ನಿಲ್ಲ? ಅರಮನೇದು ಅರಮನೇದು ಅಂತ ಮುಟ್ಟಕ್ಕೂ ಬುಡ್ತಿರ್ನಿಲ್ಲ. ನಮ್ಗಲ್ದ ಸಾಮಾನು ಅಂತ ನಾನೂ ಸುಮ್ಕಿದ್ದೆ. ನಮ್ಮಪ್ಪ ಏನ್ ಕುದ್ರೆ ಸಾರೋಟು ಒಡೀತಿದ್ನಾ? ಅವ್ನೂ ಗಾಡೀನೇ ಒಡ್ದಿದ್ದು.”

“ಒಲೆಗಾಕ್ಬುಡ್ತೀಯೇನೋ ಅಂತ...”

“ಯಾರಾದ್ರೂ ಅಪ್ಪ ಮಾಡ್ಕೊಟ್ಟಿದ್ದ ಒಲೆಗಾಕ್ತಾರಾ? ಏನ್ ಮಾತೂಂತ ಆಡ್ತೀರಿ ಬುಡಿ.” ರಾಣಿಯನ್ನು ಅವಳು ಕೆಳಗಿಡಲಿಲ್ಲ.

ಅಜ್ಜಿ ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು. ಶಾಯಿ ಹತ್ತಿದ ಹೆಬ್ಬೆಟ್ಟು ಗಾಳಿಯಲ್ಲೇ ಇತ್ತು, ಕಾಗದದಿಂದ ಒಂದು ಗೇಣು ಮೇಲೆ. “ಬೇಜಾರ್ ಮಾಡ್ಕಬ್ಯಾಡ ಮಗಾ,” ಎಂದಳು. ಎಡಗೈಯಲ್ಲಿ ರಾಜನನ್ನು ತಲೆಕೆಳಗು ಮಾಡಿ, ಬುಡದ ಮೇಲೆ ಹೆಬ್ಬೆಟ್ಟನ್ನು ಗಟ್ಟಿಯಾಗಿ ಒತ್ತಿದಳು.

“ಅಯ್ಯೋ ಅಜ್ಜೀ, ಹಳೇ ಮರ, ಶಾಯಿ!” ಎಂದು ಚೀರಿದೆ. ಮೂರು ತಿಂಗಳ ತರಬೇತಿ ಅದು, ತಡೆಯಲಾಗಲಿಲ್ಲ. ಮೇಷ್ಟ್ರು ಜೋರಾಗಿ ನಕ್ಕರು. ಆಮೇಲೆ ನಾಲ್ವರೂ ನಕ್ಕೆವು. ಅಜ್ಜಿ ಕಣ್ಣು ಒರೆಸಿಕೊಂಡು ಕೆನ್ನೆಗೂ ಶಾಯಿ ಹಚ್ಚಿಕೊಂಡಳು. ಉಣಿಸದೆ ಕಳಿಸಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು. ಬರಿಗೈಲಿ ವಾಪಸು ಹೋಗುವವಳಿಗೆ ಇಷ್ಟು ರುಚಿಯಾಗಿ ಊಟ ಸೇರಬಾರದಿತ್ತು. ಎರಡು ಸಲ ಬಡಿಸಿಕೊಂಡೆ. ಬಸ್ಸಿನಲ್ಲಿ ಕೂತಾಗ ಕೆಲಸ ಹೋಯಿತೆಂಬ ದಿಗಿಲು ಒಂದು ಕಡೆ ಇದ್ದೇ ಇತ್ತು, ಆದರೂ ಮನಸ್ಸು ಹಗುರವಾಗಿತ್ತು.

ಮರುದಿನ ವಿವರಪತ್ರವನ್ನು ಅಧಿಕಾರಿಗಳ ಮೇಜಿನ ಮೇಲಿಟ್ಟೆ. ನಡೆದದ್ದನ್ನು ಹೇಳಲು ಬಾಯಿ ತೆರೆದರೆ, ತಡೆಯಿರಿ ಎಂದು ಕೈ ತೋರಿಸಿ ಓದತೊಡಗಿದರು. ಅಳತೆಯ ಮೇಲೆ ಬೆರಳಾಡಿಸಿದರು. ‘ಹೊನ್ನೆ’ ಎಂಬಲ್ಲಿ ತಲೆಯಾಡಿಸಿದರು. ‘ಮೂಲ’ದ ಸಾಲನ್ನು ಎರಡು ಸಲ ಓದಿದರು. ಕೊನೆಗೆ ಹಾಳೆಯ ಕೆಳಗಿನ ಖಾಲಿ ಚೌಕಕ್ಕೆ ಬಂದು ನಿಂತರು.

“ಎಲ್ಲ ಸರಿಯಾಗಿದೆ. ಹೆಬ್ಬೆಟ್ಟು ಎಲ್ಲಿ?”

“ಗೊಂಬೆಯ ಬುಡದಲ್ಲಿದೆ ಸಾರ್. ಗೊಂಬೆ ಅವರ ಮನೆಯಲ್ಲಿದೆ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ನನ್ನ ಡ್ರಾಯರಿನ ಬೀಗದಕೈಯನ್ನು ಆಗಲೇ ಕೈಯಲ್ಲಿ ಹಿಡಿದುಕೊಂಡಿದ್ದೆ, ಒಪ್ಪಿಸಿಬಿಡೋಣವೆಂದು. ಅವರು ಅದನ್ನು ನೋಡಿದಂತೆ ಕಾಣಲಿಲ್ಲ.

“ಮುರಿದ ನೊಗದಲ್ಲಿ ಒಂದು ಜೊತೆ ಕೆತ್ತಿದ ಕೈ ಅಷ್ಟಕ್ಕೇ ಸುಮ್ಮನಿರೋದಿಲ್ಲ,” ಎಂದರು. “ಆತಗೂರಿಗೆ ಮೊದಲನೇ ಬಸ್ಸು ಎಷ್ಟು ಗಂಟೆಗೆ, ವಿಚಾರಿಸಿದ್ದೀರಾ?”